ಕರೆಂಟ್ ಕೊಟ್ಟಿದ್ದರಿಂದಲೇ ಹೆನ್ರಿಯೆಟಾ ಲ್ಯಾಕ್ಸ್ ಸತ್ತರೇ? ಫಾರ್ವರ್ಡ್ ಮುಚ್ಚಿಟ್ಟ ಅರ್ಧ ಕಥೆ

ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ನಗುತ್ತ ನಿಂತಿರುವ ಕಪ್ಪು ವರ್ಣದ ಮಹಿಳೆಯೊಬ್ಬರ ಹಳೆಯ ಫೋಟೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೆ ಬರೆದಿರುವುದರ ಸಾರ ಇಷ್ಟು: ಈಕೆಗೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತು, ಡಾಕ್ಟರುಗಳು ರೇಡಿಯೇಷನ್ ಕೊಟ್ಟರು, ಎಂಟು ತಿಂಗಳಲ್ಲಿ ಸತ್ತುಹೋದರು, ರೇಡಿಯೇಷನ್ ತಾಗಿದ ಆ ಕ್ಯಾನ್ಸರ್ ಕಣಗಳಿಗೆ ಸಾವೇ ಇಲ್ಲದಂತಾಗಿ ಇವತ್ತಿಗೂ ಬೆಳೆಯುತ್ತಿವೆ, ಆದ್ದರಿಂದ ನಿಮ್ಮವರಿಗೆ ಕರೆಂಟ್ ಕೊಡಿಸಬೇಡಿ, ಎಲ್ಲರಿಗೂ ಶೇರ್ ಮಾಡಿ.

ಇದನ್ನು ನಮಗೆ ಕಳಿಸಿದ ಓದುಗರು ಕೇಳಿದ್ದು ಫೋಟೋ ಅಸಲಿಯೋ ನಕಲಿಯೋ ಎಂದಲ್ಲ. ಅವರ ಅಮ್ಮನಿಗೆ ಬರುವ ಸೋಮವಾರದಿಂದ ಕರೆಂಟ್ ಶುರುವಾಗಬೇಕು. ಫಾರ್ವರ್ಡ್ ಓದಿಸಿಕೊಂಡ ಮೇಲೆ ಅಮ್ಮ ಆಸ್ಪತ್ರೆಗೇ ಬರುವುದಿಲ್ಲ ಎಂದು ಕೂತಿದ್ದಾರೆ.

ಸಾಮಾನ್ಯವಾಗಿ ಇಂಥ ಸಂದೇಶಗಳ ಮೇಲೆ ನಾವು ಸುಳ್ಳು ಎಂದು ಒಂದು ಮುದ್ರೆ ಒತ್ತಿ ಮುಂದೆ ಹೋಗುತ್ತೇವೆ. ಇದರಲ್ಲಿ ಹಾಗೆ ಮಾಡಲು ಆಗಲಿಲ್ಲ. ಫೋಟೋ ನಿಜ, ಕಾಯಿಲೆ ನಿಜ, ರೇಡಿಯೇಷನ್ ನಿಜ, ಸಾವೂ ನಿಜ. ಸುಳ್ಳು ಇರುವುದು ಇವನ್ನೆಲ್ಲ ಕಟ್ಟಿರುವ ದಾರದಲ್ಲಿ. ಅದನ್ನು ಬಿಚ್ಚಬೇಕಾದರೆ ಆ ಮಹಿಳೆಯ ಬದುಕನ್ನೇ ಮೊದಲಿನಿಂದ ಹೇಳಬೇಕು.

ಹೆನ್ರಿಯೆಟಾ ಲ್ಯಾಕ್ಸ್ ಹುಟ್ಟಿದ್ದು 1920ರ ಆಗಸ್ಟ್ 1ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ರೋನೋಕ್‌ನಲ್ಲಿ. ಇಟ್ಟ ಹೆಸರು ಲೊರೆಟಾ ಪ್ಲೆಸೆಂಟ್. ಅದು ಹೆನ್ರಿಯೆಟಾ ಆದದ್ದು ಹೇಗೆ ಎಂದು ಮನೆಯವರಿಗೂ ನೆನಪಿರಲಿಲ್ಲ. ಆಕೆಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ಎಲೈಜಾ ಹತ್ತನೇ ಹೆರಿಗೆಯಲ್ಲಿ ತೀರಿಕೊಂಡರು. ಅಷ್ಟು ಮಕ್ಕಳನ್ನು ಒಬ್ಬನೇ ಸಾಕಲಾಗದೆ ತಂದೆ ಅವರನ್ನು ಬಂಧುಗಳ ಮನೆಗಳಿಗೆ ಹಂಚಿದರು. ಹೆನ್ರಿಯೆಟಾ ಕ್ಲೋವರ್ ಎಂಬ ಹಳ್ಳಿಯಲ್ಲಿದ್ದ ತಾತ ಟಾಮಿ ಲ್ಯಾಕ್ಸ್ ಅವರ ಮನೆ ಸೇರಿದರು. ಮರದ ದಿಮ್ಮಿಗಳಿಂದ ಕಟ್ಟಿದ ಆ ಮನೆ ಹಿಂದೊಮ್ಮೆ ಗುಲಾಮರನ್ನು ಇರಿಸುತ್ತಿದ್ದ ಜಾಗ. ಸುತ್ತ ಹೊಗೆಸೊಪ್ಪಿನ ಹೊಲ. ಶಾಲೆ ಆರೇಳನೇ ತರಗತಿಗೆ ಮುಗಿಯಿತು. ಆಮೇಲೆ ಸೊಪ್ಪು ಬಿಡಿಸುವುದು, ದನ, ಕೋಳಿ, ತೋಟ.

ಅದೇ ಮನೆಯಲ್ಲಿ ಬೆಳೆದ ಸೋದರ ಸಂಬಂಧಿ ಡೇವಿಡ್ ಲ್ಯಾಕ್ಸ್ ಅವರನ್ನೇ 1941ರಲ್ಲಿ ಮದುವೆಯಾದರು. ಡೇವಿಡ್‌ಗೆ ಬಾಲ್ಟಿಮೋರ್ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸಂಸಾರ ಟರ್ನರ್ ಸ್ಟೇಷನ್ ಎಂಬ ಕಾರ್ಮಿಕರ ಬಡಾವಣೆಗೆ ಬಂತು. ಐದು ಮಕ್ಕಳು. ಎರಡನೆಯವಳು ಎಲ್ಸಿಗೆ ಹುಟ್ಟಿನಿಂದಲೇ ತೊಂದರೆಯಿತ್ತು, ಮಾತು ಬರುತ್ತಿರಲಿಲ್ಲ. ಆಕೆಯನ್ನು ಕೊನೆಗೆ ದೂರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಊರಿನಿಂದ ಕೆಲಸ ಹುಡುಕಿಕೊಂಡು ಬರುವ ನೆಂಟರಿಗೆಲ್ಲ ಹೆನ್ರಿಯೆಟಾ ಮನೆಯಲ್ಲಿ ಊಟ, ಹಾಸಿಗೆ ಇರುತ್ತಿತ್ತು ಎಂದು ಬಳಗದವರು ನೆನೆಯುತ್ತಿದ್ದರು.

ಸ್ನಾನದ ತೊಟ್ಟಿಯಲ್ಲಿ ಸಿಕ್ಕ ಗಂಟು

ಒಳಗೆ ಏನೋ ಗಂಟಿನಂತಿದೆ ಎಂದು ಆಕೆ ತನ್ನ ಬಳಗದ ಹೆಂಗಸರಿಗೆ ಮೊದಲೇ ಹೇಳಿದ್ದರು. ಅಷ್ಟರಲ್ಲಿ ಐದನೇ ಬಸಿರು. ಎಲ್ಲರೂ ಅದು ಬಸಿರಿನದೇ ಇರಬೇಕು ಅಂದುಕೊಂಡರು. 1950ರ ಸೆಪ್ಟೆಂಬರಿನಲ್ಲಿ ಮಗ ಜೋಸೆಫ್ ಹುಟ್ಟಿದ. ಕೆಲವು ತಿಂಗಳ ಮೇಲೆ ಮುಟ್ಟಿನ ದಿನವಲ್ಲದ ದಿನ ರಕ್ತ ಕಂಡಿತು. ಸ್ನಾನದ ತೊಟ್ಟಿಯಲ್ಲಿ ಕೂತು ಆಕೆ ತಾನೇ ಬೆರಳಿನಿಂದ ಪರೀಕ್ಷಿಸಿಕೊಂಡರು. ಗಂಟು ಕೈಗೆ ಸಿಕ್ಕಿತು.

ಇಲ್ಲಿ ಒಂದು ಮಾತು. ಮುಟ್ಟಿನ ನಡುವೆ ರಕ್ತ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ, ವಾಸನೆಯ ಬಿಳಿಸೆರಗು. ಇವು ಗರ್ಭಕಂಠದ ಕ್ಯಾನ್ಸರಿನ ಲಕ್ಷಣಗಳಾಗಿರಬಹುದು. ಎಲ್ಲ ಸಲವೂ ಕ್ಯಾನ್ಸರೇ ಆಗಿರಬೇಕೆಂದಿಲ್ಲ, ಆದರೆ ತೋರಿಸಿಕೊಳ್ಳಲೇಬೇಕು. ಭಾರತದಲ್ಲಿ ಹೆಣ್ಣುಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಇದೇ ಹೆಚ್ಚು. 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ನಾಚಿಕೆಗೆ ಎಷ್ಟು ತಿಂಗಳು ಕಳೆದುಹೋಗುತ್ತವೆ ಎಂಬುದನ್ನು ಯಾವ ಅಂಕಿಯೂ ಹೇಳುವುದಿಲ್ಲ.

1951ರ ಜನವರಿ 29ರಂದು ಹೆನ್ರಿಯೆಟಾ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದರು. ಅದು ಆ ಭಾಗದಲ್ಲಿ ಕಪ್ಪು ವರ್ಣದ ಬಡವರಿಗೆ ಚಿಕಿತ್ಸೆ ಸಿಗುತ್ತಿದ್ದ ದೊಡ್ಡ ಆಸ್ಪತ್ರೆ. ಅಲ್ಲೂ ವಾರ್ಡು ಬೇರೆ, ನೀರು ಕುಡಿಯುವ ನಲ್ಲಿಯೂ ಬೇರೆ. ಪರೀಕ್ಷೆ ಮಾಡಿದವರು ಡಾ. ಹೋವರ್ಡ್ ಜೋನ್ಸ್. ಗರ್ಭಕಂಠದ ಮೇಲೆ ಗಡ್ಡೆ ಕಂಡಿತು. ವಿಚಿತ್ರವೆಂದರೆ ಹೆರಿಗೆಯಾಗಿ ಆರು ವಾರಕ್ಕೆ ನಡೆದ ತಪಾಸಣೆಯಲ್ಲಿ ಅಲ್ಲಿ ಏನೂ ಕಂಡಿರಲಿಲ್ಲ. ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಖಚಿತವಾಯಿತು. ಮೊದಲ ಹಂತ ಎಂದು ಬರೆದುಕೊಂಡರು.

ಆಕೆ ಮನೆಯಲ್ಲಿ ಏನೂ ಹೇಳಲಿಲ್ಲ. ಡಾಕ್ಟರು ಔಷಧಿ ಕೊಡುತ್ತಾರಂತೆ, ಹೋಗಿ ಬರಬೇಕು ಎಂದಷ್ಟೇ ಗಂಡನಿಗೆ ಹೇಳಿ ಬಟ್ಟೆ ಗಂಟು ಕಟ್ಟಿಕೊಂಡು ಹೊರಟರು. ಇದನ್ನು ಓದುವಾಗ ನಮಗೆ ಗುರುತಿನ ಎಷ್ಟೋ ಮುಖಗಳು ಕಣ್ಣ ಮುಂದೆ ಬಂದವು.

ಆಕೆಗೆ ಕೊಟ್ಟದ್ದು ಏನು

ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಬೇಕಾದ ಶಸ್ತ್ರಕ್ರಿಯೆ ಮಾಡಲು, ಅರಿವಳಿಕೆ ಕೊಡಲು ಒಪ್ಪಿಗೆ ಎಂಬ ಅರ್ಥದ ಕಾಗದ ಅದು. ಮತ್ತು ಬರಿಸಿದ ಮೇಲೆ ಶಸ್ತ್ರವೈದ್ಯರು ಮೊದಲು ಗಡ್ಡೆಯಿಂದ ಒಂದು ಚೂರು, ಪಕ್ಕದ ಚೆನ್ನಾಗಿದ್ದ ಭಾಗದಿಂದ ಒಂದು ಚೂರು ಕತ್ತರಿಸಿ ತೆಗೆದು ಗಾಜಿನ ಬಟ್ಟಲಿಗೆ ಹಾಕಿದರು. ಇದನ್ನು ಆಕೆಗೆ ಹೇಳಿರಲಿಲ್ಲ, ಕೇಳಿರಲೂ ಇಲ್ಲ. ಆಮೇಲೆ ಚಿಕಿತ್ಸೆ ಶುರು ಮಾಡಿದರು: ರೇಡಿಯಂ ತುಂಬಿದ ಸಣ್ಣ ಗಾಜಿನ ಕೊಳವೆಯನ್ನು ಗರ್ಭಕಂಠದ ಒಳಗಿಟ್ಟರು, ಅಂಥವೇ ಕೊಳವೆಗಳಿದ್ದ ಪುಟ್ಟ ಬಟ್ಟೆಚೀಲಗಳನ್ನು ಅದರ ಹೊರಮೈಗೆ ಹೊಲಿದರು, ಜರುಗದಂತೆ ಹತ್ತಿಬಟ್ಟೆ ತುರುಕಿದರು. ಎರಡು ಮೂರು ದಿನದ ನಂತರ ತೆಗೆದರು. ಸುಮಾರು ಎರಡೂವರೆ ವಾರದ ಮೇಲೆ ಇನ್ನೊಮ್ಮೆ ಹಾಗೆಯೇ.

ಕ್ರಮವನ್ನು ಗಮನಿಸಿ. ಮೊದಲು ಚೂರು, ಆಮೇಲೆ ರೇಡಿಯಂ. ಲ್ಯಾಬಿನಲ್ಲಿ ಬೆಳೆದ ಕಣಗಳು ರೇಡಿಯೇಷನ್ ತಾಗುವ ಮುಂಚೆಯೇ ಆಕೆಯ ದೇಹದಿಂದ ಹೊರಬಂದಿದ್ದವು. ರೇಡಿಯೇಷನ್ ಅವನ್ನು ಅಮರ ಮಾಡಿತು ಎಂಬ ಮಾತು ಇಲ್ಲಿಗೇ ಬಿತ್ತು.

ಹಾಗಾದರೆ ಅವು ಸಾಯದೆ ಬೆಳೆದದ್ದೇಕೆ? ಉತ್ತರ ಸಿಗಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಅವರ ತಂಡ 1980ರ ದಶಕದಲ್ಲಿ ಆ ಕಣಗಳೊಳಗೆ ಎಚ್‌ಪಿವಿ-18 ಎಂಬ ವೈರಸ್ಸಿನ ತುಂಡುಗಳನ್ನು ಕಂಡಿತು. ಜೀವಕೋಶ ಮಿತಿಮೀರಿ ಒಡೆಯದಂತೆ ತಡೆಯುವ ಬ್ರೇಕುಗಳನ್ನು ಈ ವೈರಸ್ಸು ಕೆಡಿಸುತ್ತದೆ. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಹೆಚ್ಚುಕಮ್ಮಿ ಎಲ್ಲವಕ್ಕೂ ಎಚ್‌ಪಿವಿ ಬಳಗವೇ ಮೂಲ. ಇವತ್ತು ಹುಡುಗಿಯರಿಗೆ ಹಾಕುವ ಲಸಿಕೆ ಇದೇ ವೈರಸ್ಸಿನ ವಿರುದ್ಧ. ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು.

ಇನ್ನು ರೇಡಿಯಂ ಕೊಳವೆಯ ವಿಷಯ. ನಮ್ಮಲ್ಲಿ ಕೆಲವರು ಒಳಗಿನ ಕರೆಂಟ್ ಎಂದು ಕರೆಯುವ ಬ್ರೇಕಿಥೆರಪಿ ಅದರದೇ ಮೊಮ್ಮಗ. ಉಪಾಯ ಅದೇ: ಗಡ್ಡೆಯ ಪಕ್ಕದಲ್ಲೇ ವಿಕಿರಣದ ಮೂಲವನ್ನು ಇಟ್ಟರೆ ಗಡ್ಡೆಗೆ ಪೂರ್ತಿ ಪೆಟ್ಟು, ಸ್ವಲ್ಪ ದೂರದ ಮೂತ್ರಕೋಶಕ್ಕೂ ಗುದನಾಳಕ್ಕೂ ಕಡಿಮೆ. ಬದಲಾದದ್ದು ವಿಧಾನ. ಈಗ ರೇಡಿಯಂ ಬಳಸುವುದಿಲ್ಲ. ಖಾಲಿ ಕೊಳವೆಗಳನ್ನು ಮೊದಲು ಜೋಡಿಸಿ, ಸ್ಕ್ಯಾನ್ ಮಾಡಿ ಲೆಕ್ಕ ಹಾಕಿದ ಮೇಲೆ ಅಕ್ಕಿಕಾಳಿನಷ್ಟು ಇರಿಡಿಯಂ ಅಥವಾ ಕೋಬಾಲ್ಟ್ ಮೂಲವನ್ನು ಯಂತ್ರ ತಂತಿಯ ತುದಿಯಲ್ಲಿ ಒಳಗೆ ಕಳಿಸುತ್ತದೆ. ಕೆಲವೇ ನಿಮಿಷ. ಮತ್ತೆ ಯಂತ್ರವೇ ಹೊರಗೆಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ಸಲ. ಕೊಳವೆ ಇಡುವಾಗ ನೋವಾಗದಂತೆ ಮದ್ದು ಕೊಡುತ್ತಾರೆ. ಮೂಲ ಹೊರಬಂದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ.

ಕಪ್ಪಾದ ಚರ್ಮ

ರೇಡಿಯಂ ಮುಗಿದ ಮೇಲೆ ಹೆನ್ರಿಯೆಟಾಗೆ ಹೊರಗಿನಿಂದ ಎಕ್ಸ್‌ರೇ ಕೊಟ್ಟರು. ಸುಮಾರು ಒಂದು ತಿಂಗಳು, ವಾರದ ದಿನಗಳಲ್ಲಿ ದಿನಾ. ಗಂಡನಿಗೆ ರಾತ್ರಿ ಪಾಳಿ. ಅವನು ಬಂದು ಕರೆದೊಯ್ಯುವವರೆಗೆ ಆಕೆ ಆಸ್ಪತ್ರೆಗೆ ಹತ್ತಿರವಿದ್ದ ಮಾರ್ಗರೆಟ್ ಎಂಬ ನೆಂಟರ ಮನೆಯಲ್ಲಿ ಕಾಯುತ್ತಿದ್ದರು. ಹೀಗೆ ದಿನಾ ಬರುತ್ತಿದ್ದುದರಿಂದಲೇ ಕಾಯಿಲೆಯ ವಿಷಯ ಮಾರ್ಗರೆಟ್‌ಗೂ ಸೇಡಿ ಎಂಬ ಇನ್ನೊಬ್ಬ ನೆಂಟಳಿಗೂ ಹೇಳಬೇಕಾಯಿತು. ಒಂದು ದಿನ ಅಂಗಿ ಎತ್ತಿ ಹೊಟ್ಟೆ ತೋರಿಸಿದರು. ಹೊಕ್ಕುಳಿನ ಕೆಳಗೆ ಚರ್ಮ ಸುಟ್ಟು ಇದ್ದಿಲಿನಂತೆ ಕಪ್ಪಾಗಿತ್ತು. ಆ ಕಪ್ಪು ಒಳಗೆಲ್ಲ ಹರಡಿಕೊಳ್ಳುತ್ತಿದೆ ಎಂದು ಆಕೆಗೆ ಅನ್ನಿಸುತ್ತಿತ್ತು.

ಇದನ್ನು ನಾವು ಓದಿ ದಾಟಲಾಗಲಿಲ್ಲ. ಚರ್ಮ ಕಪ್ಪಾಗುವುದು ಎಕ್ಸ್‌ರೇಯ ಪರಿಣಾಮ, ಕ್ಯಾನ್ಸರ್ ಹರಡುವುದು ಬೇರೆ ವಿಷಯ ಎಂದು ಯಾರಾದರೂ ಕೂತು ಬಿಡಿಸಿ ಹೇಳಿದ್ದರೆ? ಆಗಿನ ಯಂತ್ರಗಳ ಶಕ್ತಿ ಕಡಿಮೆ, ಹಾಗಾಗಿ ಹೆಚ್ಚಿನ ಪೆಟ್ಟು ಚರ್ಮದ ಮೇಲೇ ಬೀಳುತ್ತಿತ್ತು. ಈಗಿನ ಯಂತ್ರಗಳ ಕಿರಣ ಚರ್ಮ ದಾಟಿ ಒಳಗೆ ಹೋದ ಮೇಲೆ ಪೂರ್ತಿ ಬಲ ತೋರಿಸುತ್ತದೆ. ಚರ್ಮ ಸ್ವಲ್ಪ ಕಪ್ಪಾಗಬಹುದು, ತೊಡೆಸಂದಿಯಲ್ಲಿ ಉರಿಯಬಹುದು, ಇದ್ದಿಲಾಗುವುದಿಲ್ಲ.

ಕರೆಂಟ್ ಎಂಬ ಹೆಸರೇ ಅರ್ಧ ಭಯಕ್ಕೆ ಕಾರಣ ಎಂದು ನಮ್ಮ ಅನುಮಾನ. ಮೈಗೆ ವಿದ್ಯುತ್ ಹರಿಸುವುದಿಲ್ಲ, ಶಾಕ್ ಹೊಡೆಯುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡಂತೆಯೇ ಅಲ್ಲಾಡದೆ ಮಲಗುವುದು, ಕೊಡುವಾಗ ನೋವಿಲ್ಲ. ಹೊರಗಿನದು ಸಾಮಾನ್ಯವಾಗಿ 25ರಷ್ಟು ಸಿಟ್ಟಿಂಗ್, ವಾರಕ್ಕೆ ಐದು ದಿನ, ಸುಮಾರು ಐದು ವಾರ. ಜೊತೆಗೆ ಹಲವರಿಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕೀಮೋ. ಮೂತ್ರಚೀಲ ತುಂಬಿಸಿಕೊಂಡು ಬನ್ನಿ ಎಂದು ಹೇಳಿದರೆ ಅದಕ್ಕೆ ಕಾರಣವಿದೆ: ತುಂಬಿದ ಮೂತ್ರಚೀಲ ಕರುಳನ್ನು ಕಿರಣದ ದಾರಿಯಿಂದ ಮೇಲಕ್ಕೆ ತಳ್ಳುತ್ತದೆ. ಮೈಮೇಲೆ ಹಾಕಿದ ಗುರುತನ್ನು ಉಜ್ಜಿ ಅಳಿಸಬಾರದು. ಭೇದಿ, ಮೂತ್ರ ಉರಿ, ಸುಸ್ತು ಬರಬಹುದು. ಹೇಳಿದರೆ ಮಾತ್ರೆ ಇದೆ. ಹೊಟ್ಟೆಯ ಕೆಳಭಾಗಕ್ಕೆ ಕೊಡುವ ಕಿರಣದಿಂದ ತಲೆಗೂದಲು ಉದುರುವುದಿಲ್ಲ. ನಡುವೆ ಬಿಡಬಾರದು, ಹೊರಗಿನದು ಒಳಗಿನದು ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು ಎನ್ನುತ್ತಾರೆ. ತಡವಾದಷ್ಟೂ ಉಳಿದ ಕ್ಯಾನ್ಸರ್ ಕಣಗಳು ಚೇತರಿಸಿಕೊಳ್ಳುತ್ತವೆ. ಹಬ್ಬ, ನೆಂಟರ ಮದುವೆ, ಸುಗ್ಗಿ ಎಂದು ವಾರಗಟ್ಟಲೆ ತಪ್ಪಿಸುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಮೊದಲೇ ಹೇಳಬೇಕಿದ್ದ ಮಾತು

ಚಿಕಿತ್ಸೆ ಮುಗಿಯುತ್ತ ಬಂದಾಗ ಹೆನ್ರಿಯೆಟಾ ಡಾಕ್ಟರನ್ನು ಕೇಳಿದರು, ಇನ್ನೊಂದು ಮಗು ಯಾವಾಗ ಮಾಡಿಕೊಳ್ಳಬಹುದು ಎಂದು. ಆಗಷ್ಟೇ ಆಕೆಗೆ ತಿಳಿದದ್ದು, ಈ ಚಿಕಿತ್ಸೆಯ ನಂತರ ಮಕ್ಕಳಾಗುವುದಿಲ್ಲ ಎಂದು. ಆಕೆಗೆ ಮೂವತ್ತು ವರ್ಷ. ಮೊದಲೇ ತಿಳಿದಿದ್ದರೆ ತಾನು ಚಿಕಿತ್ಸೆಗೇ ಒಪ್ಪುತ್ತಿರಲಿಲ್ಲ ಎಂದು ಆಕೆ ಹೇಳಿದ್ದನ್ನು ಡಾಕ್ಟರೊಬ್ಬರು ಕೇಸ್ ಫೈಲಿನಲ್ಲಿ ಬರೆದಿಟ್ಟಿದ್ದಾರೆ. ಈ ವಿಷಯವನ್ನು ರೋಗಿಗಳಿಗೆ ಮುಂಚಿತವಾಗಿ ತಿಳಿಸುವುದು ಅಲ್ಲಿನ ವಾಡಿಕೆ ಎಂದು ಡಾ. ಜೋನ್ಸ್ ಮುಂದೆ ಹೇಳಿದರು. ಈಕೆಯ ವಿಷಯದಲ್ಲಿ ಅದು ಎಲ್ಲೋ ತಪ್ಪಿಹೋಯಿತು.

ಚಿಕಿತ್ಸೆ ಕೊಟ್ಟದ್ದು ತಪ್ಪೇ? ಅಲ್ಲ. ಆ ಕಾಲಕ್ಕೆ ರೇಡಿಯಂ, ನಂತರ ಎಕ್ಸ್‌ರೇ ಎಂಬುದೇ ಎಲ್ಲರಿಗೂ ಕೊಡುತ್ತಿದ್ದ ಸರಿಯಾದ ಚಿಕಿತ್ಸೆ. ಹೇಳದೆ ಕೊಟ್ಟದ್ದು ತಪ್ಪು. ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಫಾರ್ವರ್ಡ್ ಮಾಡುವವರು ಎರಡನ್ನೂ ಒಂದೇ ಮೂಟೆಗೆ ಕಟ್ಟಿದ್ದಾರೆ.

ಬಡವಳು, ಕಪ್ಪು ವರ್ಣದವಳು ಎಂದೇ ಹೀಗಾಯಿತು ಅನ್ನಿಸಬಹುದು. ಅದೂ ಒಂದು ಕಾರಣವೇ. ಆದರೆ ಅದೇ 1951ರಲ್ಲಿ ಅರ್ಜೆಂಟೀನಾದ ಅಧ್ಯಕ್ಷರ ಪತ್ನಿ, ದೇಶವೇ ಪೂಜಿಸುತ್ತಿದ್ದ ಇವಾ ಪೆರಾನ್ ಅವರಿಗೂ ಇದೇ ಕ್ಯಾನ್ಸರ್ ಆಗಿತ್ತು. ಆಕೆಗೂ ಕಾಯಿಲೆಯ ಹೆಸರು ಹೇಳಲಿಲ್ಲ. ಮುಂದಿನ ವರ್ಷ ಜುಲೈನಲ್ಲಿ, 33ನೇ ವಯಸ್ಸಿನಲ್ಲಿ, ಆಕೆಯೂ ಹೋದರು. ಕ್ಯಾನ್ಸರ್ ಎಂಬ ಹೆಸರನ್ನು ರೋಗಿಯಿಂದ ಮುಚ್ಚಿಡುವುದೇ ದಯೆ ಎಂದು ಆ ಕಾಲದ ಡಾಕ್ಟರುಗಳೂ ಮನೆಯವರೂ ನಂಬಿದ್ದರು. ನಮ್ಮ ಎಷ್ಟೋ ಮನೆಗಳು ಇನ್ನೂ ಆ 1951ರಲ್ಲೇ ಇವೆ. ಅಮ್ಮನಿಗೆ ಹೇಳಬೇಡಿ ಡಾಕ್ಟರೇ ಎಂದು ಹೊರಗೆ ಕಾರಿಡಾರಿನಲ್ಲಿ ಪಿಸುಗುಟ್ಟುವ ಮಕ್ಕಳು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಅಮ್ಮನಿಗೆ ನಿಜ ಹೇಳುವ ಕೆಲಸ ಆಮೇಲೆ ಫಾರ್ವರ್ಡಿನ ಪಾಲಾಗುತ್ತದೆ.

ಆದ್ದರಿಂದ ಮೊದಲೇ ತಿಳಿದಿರಬೇಕಾದದ್ದು: ಈ ರೇಡಿಯೇಷನ್ ಅಂಡಾಶಯಗಳ ಕೆಲಸ ನಿಲ್ಲಿಸಬಹುದು, ಮುಟ್ಟು ನಿಂತುಹೋಗಬಹುದು, ಬಸಿರು ನಿಲ್ಲುವುದಿಲ್ಲ. ಚಿಕ್ಕ ವಯಸ್ಸಿನವರಾದರೆ ಅಂಡಾಶಯಗಳನ್ನು ಕಿರಣದ ದಾರಿಯಿಂದ ಮೇಲಕ್ಕೆ ಸರಿಸಿ ಹೊಲಿಯುವ ಶಸ್ತ್ರಕ್ರಿಯೆ ಕೆಲವರಿಗೆ ಸಾಧ್ಯ, ಆದರೆ ಚಿಕಿತ್ಸೆಗೆ ಮುಂಚೆ ಕೇಳಬೇಕು. ಯೋನಿ ಬಿಗಿಯಾಗಿ ಕಿರಿದಾಗಬಹುದು. ಹಾಗಾಗದಂತೆ ಡೈಲೇಟರ್ ಎಂಬ ನಯವಾದ ಕೊಳವೆಯನ್ನು ಬಳಸುವುದು ಹೇಗೆಂದು ನರ್ಸ್ ಹೇಳಿಕೊಡುತ್ತಾರೆ. ಗಾಯ ಮಾಗಿದ ಮೇಲೆ, ಡಾಕ್ಟರ್ ಹೇಳಿದ ನಂತರ, ಗಂಡ ಹೆಂಡತಿ ಮೊದಲಿನಂತೆ ಇರಬಹುದು. ಕ್ಯಾನ್ಸರ್ ಅಂಟುವುದಿಲ್ಲ, ಹೊರಗಿನ ರೇಡಿಯೇಷನ್ ಪಡೆದವರಿಂದ ಬೇರೆಯವರಿಗೆ ಕಿರಣ ತಾಗುವುದಿಲ್ಲ. ತಟ್ಟೆ ಲೋಟ ಬೇರೆ ಮಾಡಬೇಕಾಗಿಲ್ಲ.

ಮತ್ತೆ ಹೆನ್ರಿಯೆಟಾ. ಚಿಕಿತ್ಸೆಯ ನಂತರ ಗಡ್ಡೆ ಕರಗಿತ್ತು. ಬೇಸಿಗೆಯಲ್ಲಿ ಕಾಯಿಲೆ ಹರಡುತ್ತಿದೆ ಎಂದು ಆಕೆ ಡಾಕ್ಟರುಗಳಿಗೆ ಮತ್ತೆ ಮತ್ತೆ ಹೇಳಿದರು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಮನೆಗೆ ಕಳಿಸಿದರು. ಕೆಲವು ವಾರಗಳಲ್ಲಿ ಕಲ್ಲಿನಂಥ ಗಡ್ಡೆ ಕೈಗೆ ಸಿಕ್ಕಿತು. ಆಗಸ್ಟ್ 8ರಂದು ಆಸ್ಪತ್ರೆ ಸೇರಿದವರು ಮತ್ತೆ ಮನೆಗೆ ಹೋಗಲಿಲ್ಲ. ಮೂತ್ರದ ದಾರಿ ಮುಚ್ಚಿ ರಕ್ತದಲ್ಲಿ ವಿಷ ಏರಿತು. 1951ರ ಅಕ್ಟೋಬರ್ 4ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ತೀರಿಕೊಂಡರು. 31 ವರ್ಷ. 1971ರಲ್ಲಿ ಅವೇ ಹಳೆಯ ಮಾದರಿಗಳನ್ನು ಮರಳಿ ನೋಡಿದ ಡಾ. ಜೋನ್ಸ್ ಮತ್ತು ಸಂಗಡಿಗರು ಅದು ಅಂದುಕೊಂಡದ್ದಕ್ಕಿಂತ ಬೇರೆ ಬಗೆಯ ಕ್ಯಾನ್ಸರ್, ಅಡಿನೋಕಾರ್ಸಿನೋಮ, ಎಂದು ತಿದ್ದಿದರು. ಆಗ ತಿಳಿದಿದ್ದರೂ ಚಿಕಿತ್ಸೆ ಅದೇ ಇರುತ್ತಿತ್ತು. ಆಗ ಸ್ಕ್ಯಾನ್ ಇರಲಿಲ್ಲ, ಜೊತೆಗೆ ಕೊಡಲು ಕೀಮೋ ಇರಲಿಲ್ಲ.

ಆಕೆಯ ಕಣಗಳು ಜಾರ್ಜ್ ಗೈ ಎಂಬವರ ಲ್ಯಾಬಿನಲ್ಲಿ ದಿನಕ್ಕೆ ಎರಡರಷ್ಟಾಗುತ್ತ ಹೋದವು. ಹೆಸರಿನ ಮೊದಲಕ್ಷರಗಳಿಂದ ಹೀಲಾ ಎಂದು ಕರೆದರು. ಪೋಲಿಯೋ ಲಸಿಕೆಯ ಪರೀಕ್ಷೆಗೆ ಅವೇ ಬೇಕಾದವು. ಫಾರ್ವರ್ಡಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇಲ್ಲಿದೆ. 1956ರಲ್ಲಿ ಥಿಯೋಡೋರ್ ಪಕ್ ಮತ್ತು ಫಿಲಿಪ್ ಮಾರ್ಕಸ್ ಎಂಬ ವಿಜ್ಞಾನಿಗಳು ಇದೇ ಹೀಲಾ ಕಣಗಳ ಮೇಲೆ ಅಳತೆ ಮಾಡಿ ಎಕ್ಸ್‌ರೇ ಬಿಟ್ಟರು. ಎಷ್ಟು ಕಿರಣಕ್ಕೆ ಎಷ್ಟು ಕಣ ಬೆಳೆಯುವ ಶಕ್ತಿ ಕಳೆದುಕೊಳ್ಳುತ್ತವೆ ಎಂಬ ಮೊದಲ ರೇಖೆ ಬರೆದರು. ಸಾವಿಲ್ಲದವು ಎನ್ನುವ ಆ ಕಣಗಳು ಸಣ್ಣ ಪ್ರಮಾಣಕ್ಕೇ ಸೋತವು. ಕಿರಣದ ಪೆಟ್ಟಿಗೆ ಜೀವಕೋಶ ಹೇಗೆ ಸಾಯುತ್ತದೆ, ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಅಳೆಯುವ ವಿಜ್ಞಾನ ಆ ರೇಖೆಯಿಂದ ಬೆಳೆಯಿತು. ದಿನಾ ಸ್ವಲ್ಪ ಸ್ವಲ್ಪ ಕೊಡುವುದು ಯಾಕೆ ಸರಿ ಎಂದು ಇವತ್ತು ಲೆಕ್ಕ ಹಾಕಿ ಹೇಳಲು ಆಗುವುದು ಅದರಿಂದಲೇ.

ಮನೆಯವರಿಗೆ ಈ ಕಣಗಳ ಸುದ್ದಿ ತಲುಪಿದ್ದು 1970ರ ದಶಕದಲ್ಲಿ, ಇಪ್ಪತ್ತು ವರ್ಷ ಕಳೆದು. ಕ್ಲೋವರ್‌ನಲ್ಲಿ ಆಕೆಯನ್ನು ಮಣ್ಣು ಮಾಡಿದ ಜಾಗಕ್ಕೆ 2010ರವರೆಗೂ ಒಂದು ಕಲ್ಲಿರಲಿಲ್ಲ.

ಆಕೆ ಸತ್ತ 23 ದಿನಕ್ಕೆ, ಅಂದರೆ 1951ರ ಅಕ್ಟೋಬರ್ 27ರಂದು, ಕೆನಡಾದ ಲಂಡನ್ ಎಂಬ ಊರಿನಲ್ಲಿ ಕೋಬಾಲ್ಟ್ ಯಂತ್ರದಿಂದ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟರು. ಚರ್ಮವನ್ನು ಇದ್ದಿಲು ಮಾಡದೆ ಆಳಕ್ಕೆ ಇಳಿಯುವ ಕಿರಣದ ಯಂತ್ರ ಅದು. ಕೆಲವು ದಿನಗಳ ಮೇಲೆ ಕೆನಡಾದ್ದೇ ಸಸ್ಕಟೂನ್‌ನಲ್ಲಿ ಅಂಥದೇ ಯಂತ್ರದಿಂದ ಚಿಕಿತ್ಸೆ ಪಡೆದ ಮೊದಲ ರೋಗಿ 43 ವರ್ಷದ ತಾಯಿ. ಕಾಯಿಲೆ ಗರ್ಭಕಂಠದ ಕ್ಯಾನ್ಸರ್. ಆಕೆ ಗುಣವಾಗಿ 90 ವರ್ಷದವರೆಗೆ ಬದುಕಿದರು. ಆಕೆಯ ಫೋಟೋವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇಷ್ಟನ್ನೂ ನಾವು ಆ ಓದುಗರಿಗೆ ಧ್ವನಿ ಸಂದೇಶದಲ್ಲಿ ಹೇಳಿ ಕಳಿಸಿದೆವು, ಅಮ್ಮನಿಗೇ ಕೇಳಿಸಿ ಎಂದು. ಎರಡು ದಿನ ಉತ್ತರವಿಲ್ಲ. ಆಮೇಲೆ ಆಸ್ಪತ್ರೆ ಚೀಟಿಯ ಹಿಂಭಾಗದ ಒಂದು ಫೋಟೋ ಬಂತು. ಡಾಕ್ಟರನ್ನು ಕೇಳಬೇಕಾದ್ದನ್ನು ಅಮ್ಮ ದೊಡ್ಡ ಅಕ್ಷರದಲ್ಲಿ ತಾವೇ ಬರೆದಿದ್ದರು. ಊಟಕ್ಕೆ ಪಥ್ಯ ಏನು, ಬಸ್ಸಿನಲ್ಲಿ ಒಬ್ಬಳೇ ಬರಬಹುದೇ, ಕರೆಂಟ್ ತಗೊಂಡು ಬಂದ ದಿನ ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದೇ. ಮೊದಲ ಎರಡನ್ನು ಡಾಕ್ಟರಿಗೇ ಬಿಟ್ಟೆವು. ಮೂರನೆಯದಕ್ಕೆ ನಾವೇ ಉತ್ತರ ಬರೆದೆವು: ಹೊರಗಿನ ಕರೆಂಟ್ ನಡೆಯುವಷ್ಟು ದಿನವೂ ಮಲಗಿಸಿಕೊಳ್ಳಬಹುದು, ಮೊದಲ ದಿನದಿಂದಲೇ.